ಶಂಭು ಕರೆಯುವ ತನಕ

ಗುಳೇದಗುಡ್ಡದ ಆ ಓಣಿಯಲ್ಲಿ ಮಗ್ಗಗಳು ಬಾಯಿ ಮುಚ್ಚುವುದು ತಿಂಗಳಿಗೆ ಒಂದೇ ದಿನ, ಅಮಾವಾಸ್ಯೆಗೆ. ಅವತ್ತು ಕೈಮಗ್ಗವಿರಲಿ, ಪಾವರ್‌ಲೂಮಿರಲಿ, ಲಾಳಿ ಓಡುವಂತಿಲ್ಲ. ಹೆಂಗಸರು ಮಗ್ಗ ಒರೆಸಿ ಪೂಜೆ ಮಾಡುತ್ತಾರೆ, ಗಂಡಸರು ಮೈಮುರಿದು ಎದ್ದು ಎಲ್ಲಿಗಾದರೂ ಹೊರಡುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು ಅಮಾಸಿ ಸೂಟಿ.

ಸೋಮಲಿಂಗನ ಗುಂಪು ಆ ಸೂಟಿಯನ್ನು ಊರಾಚೆಯೇ ಕಳೆಯಬೇಕು. ಸೋಮಲಿಂಗನಿಗೆ ಸ್ವಂತ ಪಾವರ್‌ಲೂಮುಗಳಿದ್ದವು, ಒಂದು ಕ್ರೂಸರ್ ಗಾಡಿ ಇತ್ತು, ಯಾರನ್ನು ಕಂಡರೂ ನಗುವ ದೊಡ್ಡ ಬಾಯಿಯೂ ಇತ್ತು. ಅವನ ಬೆನ್ನಿಗೆ ಅಮೀನಪ್ಪ. ಸೋಮಲಿಂಗ ಸೀನಿದರೆ ಅಮೀನಪ್ಪ ತನ್ನ ಮೂಗು ಒರೆಸಿಕೊಳ್ಳುವ ಪೈಕಿ. ಮೂರನೆಯವನು ಶಂಭು, ಸೋಮಲಿಂಗನ ಮಗ್ಗದಲ್ಲೇ ರವಿಕೆಯ ಖಣ ನೇಯುವವನು. ಇಬ್ಬರು ನಗಬೇಕಾದರೆ ಮೂರನೆಯವನೊಬ್ಬ ಬೇಕಲ್ಲ, ಆ ಕೆಲಸಕ್ಕೆ ಇವನು.

ಅವನಿಗೆ ಅವರಿಟ್ಟ ಹೆಸರು ಲಾಳಿ. ಆ ಕಡೆಯಿಂದ ಹೊಡೆದರೆ ಈ ಕಡೆ, ಈ ಕಡೆಯಿಂದ ಹೊಡೆದರೆ ಆ ಕಡೆ. ತುಳಸಿಗೇರಿಗೆ ಹೋದಾಗ ಹನಮಪ್ಪನ ಗುಡಿಯೊಳಗೆ ಅವನ ಕೈಗೆ ಕಾಯಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿ, ಹೊರಗಿಟ್ಟ ಅವನ ಚಪ್ಪಲಿಯನ್ನೂ ಎತ್ತಿಕೊಂಡು ಗಾಡಿ ಬಿಟ್ಟಿದ್ದರು. ಬಾದಾಮಿಯ ಹೊಂಡದಲ್ಲಿ ಮೆಟ್ಟಿಲ ಮೇಲೆ ಸ್ನಾನ ಮಾಡುತ್ತಿದ್ದವನ ಅರಿವೆ ಒಯ್ದು, ಒದ್ದೆ ಟವೆಲಿನಲ್ಲಿ ಪ್ಯಾಟಿ ತುಂಬ ಮೆರೆಸಿದ್ದರು. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಶಂಭುವೇ ನಗುತ್ತಿದ್ದ. ನಕ್ಕರೆ ಅರ್ಧ ನೋವು ಹೋಗುತ್ತದೆ ಅಂತ ಅವನ ಲೆಕ್ಕ. ಉಳಿದ ಅರ್ಧವನ್ನು ಮನೆಗೆ ಒಯ್ದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹಾಗಾದರೆ ಬಿಟ್ಟು ಬರಬಾರದೆ ಅಂದರೆ, ಸೋಮಲಿಂಗನ ಗಾಡಿಯಲ್ಲಿ ಕೂತು ಹೋಗುವವನನ್ನು ಓಣಿಯ ಜನ ಎದ್ದು ಮಾತಾಡಿಸುತ್ತಿದ್ದರು. ಆ ಮರ್ಯಾದೆಯನ್ನು ಬಿಡಲು ಅವನಿಂದ ಆಗಲಿಲ್ಲ.

ಈ ಸಲದ ಅಮಾಸಿಗೆ ಸಮುದ್ರ ಅಂತ ಸೋಮಲಿಂಗ ಸಾರಿದ. ನಾಲ್ವರಲ್ಲಿ ಯಾರೂ ಸಮುದ್ರ ಕಂಡವರಲ್ಲ. ನಾಲ್ವರು ಅಂದೆನಲ್ಲ, ನಾಲ್ಕನೆಯವನನ್ನು ಸೇರಿಸಿದ್ದು ಶಂಭುವೇ.

"ಲಾಳಿ, ಈ ಸಲ ನಿನ್ನ ಉಪ್ಪನೀರಾಗ ಅದ್ದಿ ತಗೀತೇವಿ ನೋಡಲೇ," ಎಂದಿದ್ದ ಸೋಮಲಿಂಗ. "ಹಸಿ ಮೆಣಸಿನಕಾಯಿ ಅದ್ದಿದಂಗ!"

ಶಂಭುವಿಗೆ ಈಜು ಬಾರದು. ಮೊಣಕಾಲು ಮುಳುಗಿದರೆ ಎದೆ ಬಡಿದುಕೊಳ್ಳುತ್ತದೆ. ಅವತ್ತು ಅವನಿಗೆ ಊಟ ಇಳಿಯಲಿಲ್ಲ. ಮರುದಿನ ಮಗ್ಗದಲ್ಲಿ ಕೂತಿದ್ದಾಗ ಪಕ್ಕದ ಮಗ್ಗದ ಬೀರಲಿಂಗನ ಮೇಲೆ ಕಣ್ಣು ಬಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ತನಗೂ ಒಂದು ಕಾಲ ಬರಬಾರದೇಕೆ ಎನ್ನಿಸಿತು.

ಬೀರಲಿಂಗ ಬಾದಾಮಿ ಕಡೆಯ ಹಳ್ಳಿಯವನು, ಕುರಿ ಕಾಯುವ ಮನೆತನ. ಕುರಿ ಅಣ್ಣನ ಪಾಲಿಗೆ ಹೋದ ಮೇಲೆ ಇಲ್ಲಿ ಬಂದು ಮಗ್ಗ ಕಲಿತಿದ್ದ. ಎತ್ತರದ ಆಳು, ಕಡಿಮೆ ಮಾತು. ಅಂಗಿಯ ಕಿಸೆಯಲ್ಲಿ ಸದಾ ಒಂದು ಸಣ್ಣ ಬಟ್ಟೆಯ ಚೀಲ, ಅದರಲ್ಲಿ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಸಿನ ಪುಡಿ. ಮುಂಜಾನೆ ಹಣೆಗೆ ಹಚ್ಚಿಕೊಳ್ಳದೆ ಮಗ್ಗ ಮುಟ್ಟುತ್ತಿರಲಿಲ್ಲ. ಹಿಂದೆ ಶಂಭುವಿನ ತಾಯಿಗೆ ಎದೆನೋವು ಬಂದಾಗ, ಗಾಡಿ ಕೇಳಲು ಹೋದರೆ ಸೋಮಲಿಂಗ ಮಲಗಿದ್ದಾನೆ ಅಂತ ಉತ್ತರ ಬಂದಿತ್ತು. ಬೀರಲಿಂಗನೇ ಮುದುಕಿಯನ್ನು ಬೈಕಿನಲ್ಲಿ ತನಗೂ ಶಂಭುವಿಗೂ ನಡುವೆ ಕೂರಿಸಿಕೊಂಡು ಬಾಗಲಕೋಟೆಯ ದವಾಖಾನೆ ಮುಟ್ಟಿಸಿದ್ದ. ಊರಲ್ಲಿ ಶಂಭುವನ್ನು ಲಾಳಿ ಅನ್ನದೆ ಶಂಭು ಅಂತ ಕರೆಯುವವನು ಅವನೊಬ್ಬನೇ.

ಇಂಥವನನ್ನು ಶಂಭು ತನ್ನ ಬದಲಿಗೆ ಆರಿಸಿಕೊಂಡ. ಬರೀ ಆರಿಸಿಕೊಂಡಿದ್ದರೆ ಒಂದು ಮಾತು. ಹೊರಡುವ ಮುನ್ನ ಸೋಮಲಿಂಗನ ಕಿವಿಯಲ್ಲಿ ಎರಡು ಗುಟ್ಟನ್ನೂ ಹಾಕಿದ.

"ಅವ್ನ ಹೇಣ್ತಿ ಸುರೇಖಾ ಈಗ ಬಸರಿ ಅದಾಳ. ಮೊದಲಿನ ಎರಡು ನಿಂತಿಲ್ಲ. ಹಗಲೂ ರಾತ್ರಿ ಅದೇ ಚಿಂತಿ ಮಾಡತಾನ. ನನಗೊಬ್ಬಂವಗ ಹೇಳ್ಯಾನ," ಎಂದ. ಆಮೇಲೆ, "ಭಂಡಾರ ಮುಟ್ಟಿ ಆಣಿ ಮಾಡಿದಾ ಅಂದ್ರ ಸತ್ರೂ ಮುರಿಯಂಗಿಲ್ಲ. ತಂಬಾಕ ಹಂಗs ಬಿಟ್ಟಾನ, ತಿರುಗಿ ಮೂಸಿಲ್ಲ."

ಸೋಮಲಿಂಗ ಮೊದಲ ಸಲ ಶಂಭುವಿನ ಹೆಗಲ ಮೇಲೆ ಕೈ ಹಾಕಿದ. "ಶಾಣ್ಯಾ ಅದಿಯಲೇ ನೀ!"

ಆ ಕೈಯ ಭಾರ ಶಂಭುವಿಗೆ ಶಾಲು ಹೊದಿಸಿದಂತೆ ಬೆಚ್ಚಗಿತ್ತು. ಗಾಡಿಯಲ್ಲಿ ಅವನಿಗೆ ಮುಂದಿನ ಸೀಟು ಸಿಕ್ಕಿತು, ಸೋಮಲಿಂಗನಿಗೂ ಡ್ರೈವರ್ ಈರಪ್ಪನಿಗೂ ನಡುವೆ. ಬೀರಲಿಂಗ ಹಿಂದೆ ಬುತ್ತಿಗಂಟಿನ ಪಕ್ಕ ಕೂತ.

ರಾತ್ರಿಯೇ ಹೊರಟು, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಗೋಕರ್ಣದ ಆಚೆಯ ಒಂದು ಸಣ್ಣ ಕಡಲದಂಡೆಗೆ ಅವರು ಬಂದಾಗ ಬೆಳಕು ಹರಿಯುತ್ತಿತ್ತು. ಗದ್ದಲ ಬೇಡವೆಂದು ಸೋಮಲಿಂಗ ಜನರಿಲ್ಲದ ಜಾಗವನ್ನೇ ಹುಡುಕಿಸಿದ್ದ. ನೀರು ದೂರ ಸರಿದಿತ್ತು. ನಡುವೆಲ್ಲ ಒದ್ದೆ ಮರಳು, ಗಾರೆ ಬಳಿದ ಅಂಗಳದಂತೆ ಗಟ್ಟಿ. ಆ ಮರಳು ಮುಗಿದು ನೀರು ಶುರುವಾಗುವಲ್ಲಿ ಒಂದು ಚಪ್ಪಟೆ ಕರಿಬಂಡೆ. ನಾಲ್ವರೂ ಚಪ್ಪಲಿ ಬಿಚ್ಚಿ ಅಲ್ಲಿಗೆ ನಡೆದೇ ಹೋದರು.

"ಇಷ್ಟs ಏನ್ಲೇ ಸಮುದ್ರ?" ಎಂದ ಅಮೀನಪ್ಪ. "ನಮ್ಮ ಹಿನ್ನೀರs ಇದಕ್ಕಿಂತ ಜೋರ ಕಾಣತೈತಿ."

ಬೀರಲಿಂಗ ಮಾತ್ರ ಬಗ್ಗಿ ಒಂದು ಬೊಗಸೆ ನೀರು ಕಣ್ಣಿಗೆ ಒತ್ತಿಕೊಂಡ. ಉಪ್ಪು ಹತ್ತಿ ಕಣ್ಣು ಕೆಂಪಾದರೂ ಮುಖದಲ್ಲಿ ಹಿಗ್ಗು. "ಶಂಭು, ನೀ ಕರಕೊಂಡ ಬಂದಿದ್ದಕ್ಕ ಕಂಡ್ನಿ ನೋಡಪಾ. ಇಲ್ಲಾಂದ್ರ ನನ್ನ ಜಲ್ಮದಾಗ ಎಲ್ಲಿ ಆಗತಿತ್ತು," ಎಂದ.

ಸೋಮಲಿಂಗ ಶಂಭುವಿಗೆ ಕಣ್ಣು ಹೊಡೆದ. ಶಂಭು ಮುಂದೆ ಬಂದ.

"ಬೀರ್ಯಾ, ಈ ಬಂಡಿಗಲ್ಲಿನ ಮಹಿಮಾ ಗೊತ್ತೈತೇನು? ಅಮಾಸಿ ದಿನ ಸಮುದ್ರಕ್ಕ ಮುಖಾ ಮಾಡಿ, ಹಿಂದ ಹೊಳ್ಳಿ ನೋಡದ, ಮಾತಾಡದ ಇಲ್ಲಿ ಕುಂತ್ರ ಹೊಟ್ಟ್ಯಾಗಿನ ಕೂಸು ನಿಲ್ಲತೈತಿ ಅಂತಾರ. ಆದ್ರ ತಾನs ಏಳಬಾರದು. ಗೆಳ್ಯಾ ಬಂದು ಹೆಗಲು ಮುಟ್ಟಿ ಹೆಸರು ಹಿಡದು ಕರೀಬೇಕು. ಅಲ್ಲೀತನಾ ಏಳಬಾರದು."

ಬಂಡೆಗೂ ಮಹಿಮೆ ಇರಲಿಲ್ಲ, ಮಾತಿಗೂ ತಲೆಬುಡವಿರಲಿಲ್ಲ. ಗಾಡಿಯಲ್ಲಿ ಬರುತ್ತ, ಬೀರಲಿಂಗ ಹಿಂದೆ ನಿದ್ದೆ ಹೋದಾಗ, ಉಳಿದ ಮೂವರೂ ಕೂಡಿ ಹೆಣೆದ ಕತೆ ಅದು. ಬೀರಲಿಂಗ ಶಂಭುವಿನ ಮುಖವನ್ನೇ ನೋಡಿದ. ಆಡಿದವನು ಸೋಮಲಿಂಗನಾಗಿದ್ದರೆ ಅವನು ನಕ್ಕು ಬಿಡುತ್ತಿದ್ದನೇನೋ. ಆಡಿದವನು ಶಂಭು.

"ನೀನs ಬಂದು ಕರೀತಿ?"

"ನಾನs ಬರ್ತೇನಿ. ಆಣಿ ಮಾಡು."

ಬೀರಲಿಂಗ ಚೀಲ ತೆಗೆದು ಭಂಡಾರದಲ್ಲಿ ಬೆರಳಿಟ್ಟ. ಹಣೆಗೆ ಹಚ್ಚಿಕೊಂಡು, "ಬೀರಪ್ಪನ ಆಣಿ, ಶಂಭು ಬಂದು ಮುಟ್ಟಿ ಕರಿಯೂತನಾ ಏಳಂಗಿಲ್ಲ," ಎಂದ. ಅಮೀನಪ್ಪ ಅಂಗೈ ಕಚ್ಚಿಕೊಂಡು ನಗು ತಡೆದ. ಬೀರಲಿಂಗ ದಂಡೆಗೆ ಬೆನ್ನು ಮಾಡಿ, ಚಕ್ಕಳಮಕ್ಕಳ ಹಾಕಿ ಬಂಡೆಯ ಮೇಲೆ ಕೂತ.

ಮೂವರೂ ದೂರ ದಂಡೆಗೆ ಬಂದು, ಮರಳಲ್ಲಿ ಬಿದ್ದು ಹೊರಳಿ ನಕ್ಕರು. ಶಂಭುವಿನ ಜನ್ಮದಲ್ಲಿ ಅದು ಮೊದಲ ಸಲ: ನಗುವವರ ಸಾಲಿನಲ್ಲಿ ಅವನಿದ್ದ, ಬೇರೊಬ್ಬನ ಬೆನ್ನು ಎದುರಿಗಿತ್ತು. ಇದಕ್ಕಿಂತ ದೊಡ್ಡ ಸುಖ ಇದೆಯೆಂದು ಅವನಿಗೆ ಅನ್ನಿಸಲಿಲ್ಲ.

ಆಮೇಲೆ ಚಹಾ, ಬನ್ಸ್ ಅಂತ ಊರೊಳಗೆ ಹೋದರು. ದಾರಿಯಲ್ಲಿ ಗುಡ್ಡದ ಮೇಲೊಂದು ಹಳೇ ಕೋಟೆ ಕಂಡಿತು, ಹತ್ತಿದರು. ಫೋಟೋ ತೆಗೆದುಕೊಂಡರು. ಕೋಟೆಯ ಮೇಲಿಂದ ಬಂಡೆ ಕಾಣುವುದಿಲ್ಲ ಅಂತ ಅಮೀನಪ್ಪ ಕೊರಗಿದ. ಮೂವರಲ್ಲಿ ಒಬ್ಬನಿಗಾದರೂ ನೀರಿನ ಯೋಚನೆ ಬಂತೇ ಅಂದರೆ, ಇಲ್ಲ. ಬರುವುದಾದರೂ ಹೇಗೆ? ಅವರ ಸೀಮೆಯಲ್ಲಿ ನೀರು ಏರಬೇಕಾದರೆ ಮಳೆ ಆಗಬೇಕು. ಬಾಗಲಕೋಟೆಯನ್ನು ಮುಳುಗಿಸಿದ ಹಿನ್ನೀರು ಕೂಡ ನೋಟೀಸು ಕೊಟ್ಟು, ವರ್ಷಗಟ್ಟಲೆ ಕಾಯಿಸಿ ಬಂದಿತ್ತು. ಮೋಡವಿಲ್ಲದ ಆಕಾಶದ ಕೆಳಗೆ ನೀರು ಎದ್ದು ನಡೆದು ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಮಾವಾಸ್ಯೆ ಅಂದರೆ ಅವರ ಪಾಲಿಗೆ ಸೂಟಿ. ಕಡಲಿಗೆ ಅವತ್ತೇ ಕೆಲಸ ಹೆಚ್ಚು.

ಮರಳಿ ಬಂದಾಗ ದಂಡೆಯೇ ಇರಲಿಲ್ಲ. ಬೆಳಿಗ್ಗೆ ನಡೆದುಹೋದ ಮರಳಿನ ಮೇಲೆಲ್ಲ ನೀರು. ಗಾಡಿ ನಿಲ್ಲಿಸಿದ್ದ ತೆಂಗಿನ ಬುಡದವರೆಗೆ ನೊರೆ ಬರುತ್ತಿತ್ತು. ಬಂಡೆ ಕಾಣಲಿಲ್ಲ. ಬಂಡೆ ಇರಬೇಕಾದ ಜಾಗದಲ್ಲಿ, ನೀರಿನ ನಡುವೆ, ಒಬ್ಬ ಮನುಷ್ಯನ ತಲೆ, ಹೆಗಲು, ಅರ್ಧ ಬೆನ್ನು ಕಂಡಿತು. ಅಲೆ ಬಂದಾಗ ಅದೂ ಮುಚ್ಚಿ ಹೋಗುತ್ತಿತ್ತು. ಅಲೆ ಇಳಿದಾಗ ಮತ್ತೆ ಕಾಣುತ್ತಿತ್ತು. ಕೂತೇ ಇದ್ದ. ಹಿಂದೆ ಹೊರಳಿ ನೋಡಿರಲಿಲ್ಲ.

"ಬೀರ್ಯಾ! ಎದ್ದ ಬಾರಲೇ! ಚಾಷ್ಟಿ ಮಾಡಿದ್ವಿ!" ಸೋಮಲಿಂಗ ಕೂಗಿದ. ಅಮೀನಪ್ಪನೂ ಕೂಗಿದ. ಅಲೆಯ ಸದ್ದು ಅದನ್ನು ಅಲ್ಲೇ ನುಂಗಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ಇದೆ. ಇಲಿಗೆ ಏನೇನಾಯಿತೋ, ಬೆಕ್ಕುಗಳಿಗಂತೂ ಈಗ ಕೈಕಾಲು ಆಡಲಿಲ್ಲ.

ಗದ್ದಲ ಕೇಳಿ ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕ, ಅವನ ಹಿಂದೆ ಇಬ್ಬರು ಹರೆಯದವರು ಓಡಿ ಬಂದರು. ಮುದುಕ ಒಂದು ಸಲ ನೀರು ನೋಡಿ, ಒಂದು ಸಲ ಇವರನ್ನು ನೋಡಿದ.

"ಯಾವ ಊರಿನವರು ನೀವು? ಅಮಾಸೆ ಭರತ ಇದು, ಇನ್ನೂ ಏರ್ತದೆ. ಆ ಮನುಷ್ಯ ಯಾಕೆ ಹಾಗೆ ಕೂತಿದ್ದಾನೆ? ಕಾಲು ಸಿಕ್ಕಿಬಿದ್ದಿದೆಯಾ?"

ಡ್ರೈವರ್ ಈರಪ್ಪನೇ ಆಣೆಯ ಕತೆ ಹೇಳಿದ. ಮುದುಕ ದೋಣಿ ನೂಕುತ್ತಲೇ ಕೇಳಿಸಿಕೊಂಡ. "ಹಾಗಾದರೆ ನಾವು ಕರೆದರೆ ಅವನು ಬರೂದಿಲ್ಲ. ಶಂಭು ಅಂದರೆ ಯಾರು? ಹತ್ತು ದೋಣಿಗೆ, ಬೇಗ."

ಶಂಭು ನೀರಿಗಿಳಿದ. ಮೊಣಕಾಲವರೆಗೆ ಇಳಿದ. ದೋಣಿಯ ಅಂಚು ಹಿಡಿದ. ಅಷ್ಟರಲ್ಲಿ ಒಂದು ಅಲೆ ಬಂದು ದೋಣಿಯ ಮೂತಿಯನ್ನು ಆಳೆತ್ತರ ಎತ್ತಿ ಒಗೆಯಿತು. ಅವನು ಕೈ ಬಿಟ್ಟ, ಹಿಂದೆ ಬಿದ್ದ, ನಾಲ್ಕು ಕಾಲಿನಲ್ಲಿ ತೆವಳಿ ದಂಡೆ ಹಿಡಿದ.

"ನನ್ನ ಕೈಲೆ ಆಗಂಗಿಲ್ಲ! ಆಗಂಗಿಲ್ರೀ ಯಜಮಾನರs!" ಎಂದು ಅತ್ತ. ಮುದುಕ ಅವನಿಗಾಗಿ ಕಾಯಲಿಲ್ಲ, ದೋಣಿ ಹೋಯಿತು.

ದಂಡೆಯಿಂದ ಎಲ್ಲ ಕಾಣುತ್ತಿತ್ತು. ಹರೆಯದವರಿಬ್ಬರು ನೀರಿಗೆ ಹಾರಿ ಬೀರಲಿಂಗನ ರಟ್ಟೆ ಹಿಡಿದರು. ಅವನು ಬಂಡೆಯ ಸಂದಿಯಲ್ಲಿ ಬೆರಳು ಸಿಗಿಸಿಕೊಂಡು ತಲೆ ಅಲ್ಲಾಡಿಸಿದ. ಎಳೆದರು. ಅವನು ಜಗ್ಗಿದ. ದೋಣಿ ಒಮ್ಮೆ ಮಗುಚುವಷ್ಟು ವಾಲಿತು. ಶಂಭು ಕಣ್ಣು ಮುಚ್ಚಿಕೊಂಡ. ಬಾಯಿ ತೆರೆದು ಒಂದು ಸಲ, "ಬೀರ್ಯಾ, ಏಳೋ" ಅಂದಿದ್ದರೆ ಅದು ಕೇಳುತ್ತಿತ್ತೋ ಇಲ್ಲವೋ, ಆ ಮಾತು ಬೇರೆ. ಅವನು ಅದನ್ನೂ ಅನ್ನಲಿಲ್ಲ.

ಕೊನೆಗೆ ಮುದುಕನೂ ಕೈ ಹಾಕಿ, ಮೂವರೂ ಸೇರಿ ಕುರಿಯನ್ನು ಎತ್ತಿ ಹಾಕಿದಂತೆ ಅವನನ್ನು ದೋಣಿಗೆ ಹಾಕಿಕೊಂಡು ಬಂದರು. ಬೆರಳ ತುದಿಗಳ ಚರ್ಮ ಹೋಗಿತ್ತು, ತುಟಿ ನೀಲಿಯಾಗಿತ್ತು, ಮೈ ಗಡಗಡ ನಡುಗುತ್ತಿತ್ತು. ತೆಂಗಿನ ಸಾಲಿನ ಹಿಂದೆ ನೆರಳಲ್ಲಿ, ನೀರು ಮುಟ್ಟದ ಒಣ ಮರಳಿನ ಮೇಲೆ ಇಳಿಸಿದರು. ಮೀನು ಮಾರಲು ಹೊರಟಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ತನ್ನ ಟವೆಲಿನಿಂದ ಅವನ ತಲೆ ಒರೆಸಿದಳು.

ಬೀರಲಿಂಗ ಬದುಕಿದ. ಕತೆ ಇಲ್ಲಿಗೆ ನಿಂತಿದ್ದರೆ ಶಂಭುವನ್ನು ಪುಕ್ಕಲು ಅಂದು ಬಿಡಬಹುದಿತ್ತು. ಪುಕ್ಕಲುತನ ಪಾಪವಲ್ಲ, ನೀರಿಗೆ ಹೆದರದವರು ಎಷ್ಟು ಮಂದಿ?

ಉಸಿರು ತಹಬಂದಿಗೆ ಬಂದ ಮೇಲೆ ಬೀರಲಿಂಗ ಎದ್ದು ನಿಲ್ಲಲಿಲ್ಲ. ಕೂತಲ್ಲೇ ಅಂಡು ಸರಿಸಿ ಸಮುದ್ರದ ಕಡೆ ಮುಖ ಮಾಡಿದ. ಚಕ್ಕಳಮಕ್ಕಳ ಹಾಕಿದ. ಮತ್ತೆ ಕೂತ.

"ಏನಪ್ಪಾ, ಏಳು. ಗಂಜಿ ಕುಡಿ ಬಾ," ಎಂದಳು ಹೆಂಗಸು. ಅವನು ಮಾತಾಡಲಿಲ್ಲ. ಮಾತಾಡಬಾರದು ಅಂತಲೂ ಶಂಭು ಹೇಳಿದ್ದನಲ್ಲ.

ಎಲ್ಲರ ಮುಖ ಶಂಭುವಿನ ಕಡೆ ತಿರುಗಿತು. ಈಗ ನಡುವೆ ನೀರಿರಲಿಲ್ಲ, ಅಲೆ ಇರಲಿಲ್ಲ. ನಾಲ್ಕು ಮಾರು ಒಣ ಮರಳು. ಕೂಸು ಕೂಡ ಅಂಬೆಗಾಲಿಟ್ಟು ಹೋಗಿ ಮುಟ್ಟುವಷ್ಟು ದೂರ.

"ಹೋಗಿ ಮುಟ್ಟು ಮಾರಾಯ," ಎಂದ ಮುದುಕ.

ಶಂಭು ಹೆಜ್ಜೆ ಎತ್ತಿದ. ಆಗ ಹಿಂದಿನಿಂದ ಅಮೀನಪ್ಪನ ಕಿಸಕ್ಕನೆ ನಗು ಬಂತು. ಹೆದರಿಕೆ ಇಳಿದಿತ್ತು, ಇಬ್ಬರಿಗೂ ಮತ್ತೆ ಬಾಯಿ ಬಂದಿತ್ತು.

"ಅಲಲಲಾ, ಲಾಳಿ ತೆವಳಿದ್ದ ನೋಡಿದ್ಯೇನಲೇ ಸೋಮ್ಯಾ? ನಾಕು ಕಾಲ್ಲೆ!"

"ಚೊಣ್ಣ ನೋಡು, ಚೊಣ್ಣ," ಎಂದ ಸೋಮಲಿಂಗ. "ಅದು ಸಮುದ್ರದ ನೀರೋ, ಇವನ ಸ್ವಂತದ್ದೋ? ಊರಿಗೆ ಹೋಗಿ ಕೇಳೂಣು ತಡಿ. 'ಆಗಂಗಿಲ್ರೀ ಯಜಮಾನರs!'"

ಅಳುವ ದನಿಯನ್ನು ಅವನು ಥೇಟು ಹಾಗೇ ಎತ್ತಿದ. ಈರಪ್ಪನಿಗೂ ನಗು ಬಂತು. ಶಂಭುವಿನ ಬೆನ್ನ ಮೇಲೆ ಆ ನಗು ಬಿಸಿನೀರಿನಂತೆ ಬಿತ್ತು. ಅವನಿಗೆ ತುಳಸಿಗೇರಿ ನೆನಪಾಯಿತು, ಬಾದಾಮಿಯ ಪ್ಯಾಟಿ ನೆನಪಾಯಿತು. ನಾಳೆ ಓಣಿ ತುಂಬ ಈ ಕತೆ ಓಡುತ್ತದೆ, ಕಾಯಿಪಲ್ಲೆ ಮಾರುವವಳೂ 'ಆಗಂಗಿಲ್ರೀ' ಅನ್ನುತ್ತಾಳೆ. ರಾತ್ರಿಯಿಂದ ಸಿಕ್ಕಿದ್ದ ಮುಂದಿನ ಸೀಟು, ಹೆಗಲ ಮೇಲಿನ ಕೈ, ಎಲ್ಲ ಕಾಲ ಕೆಳಗಿನ ಮರಳಿನಂತೆ ಜಾರುತ್ತಿತ್ತು. ಈಗ ಹೋಗಿ ಬೀರಲಿಂಗನ ಪಕ್ಕ ನಿಂತರೆ ತಾನು ಎಂದೆಂದಿಗೂ ಅವನ ಜೋಡಿಯೇ. ಆ ನಗು ತನ್ನ ಮೇಲಿಂದ ಇಳಿಯಬೇಕಾದರೆ ಇನ್ನೊಬ್ಬನ ಮೇಲೆ ಏರಬೇಕು.

ಅವನು ಎತ್ತಿದ ಹೆಜ್ಜೆಯನ್ನು ಇಳಿಸಿದ. ಹಿಂದಕ್ಕೆ ತಿರುಗಿದ. ನಕ್ಕ.

"ಕುಂಡ್ರಲಿ ಬಿಡ್ರಲೇ. ಓಡಿ ಹೋಗತಾನೇನು? ಹಸಿವ್ಯಾಗೇತಿ, ಮೊದಲ ಊಟ ಮಾಡೂಣು ನಡೀರಿ. ಎಷ್ಟೊತ್ತು ಕುಂಡ್ರತಾನ ನೋಡೂಣು!"

ಸೋಮಲಿಂಗ ತೊಡೆ ತಟ್ಟಿ ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ನಮ್ಮನ್ನೂ ಮೀರಿಸಿದಿಯಲ್ಲಲೇ ಶಂಭ್ಯಾ!" ಎಂದ. ಲಾಳಿ ಅನ್ನಲಿಲ್ಲ, ಶಂಭ್ಯಾ ಅಂದ. ಶಂಭು ಅದನ್ನು ಗಮನಿಸಿದ.

ಮೀನಿನ ಹೆಂಗಸು ಮರಳಿನ ಮೇಲೆ ಉಗುಳಿದಳು. ಮುದುಕ ಬಲೆಯ ಕಡೆ ಹೊರಟುಹೋದ.

ಊಟದ ಹೋಟೆಲು ದಂಡೆಗೆ ಹತ್ತಿರವೇ ಇತ್ತು. ಕಿಟಕಿಯಿಂದ ಬೀರಲಿಂಗನ ಬೆನ್ನು ಕಾಣುತ್ತಿತ್ತು. ಬಿಸಿಲು ನೆತ್ತಿಗೆ ಬಂದು ತೆಂಗಿನ ನೆರಳು ಅವನನ್ನು ಬಿಟ್ಟು ಸರಿದಿತ್ತು, ಅಂಗಿ ಮೈಮೇಲೆಯೇ ಒಣಗಿ ಉಪ್ಪಿನ ಗೆರೆ ಎದ್ದಿತ್ತು. ಶಂಭು ಕಿಟಕಿಗೆ ಬೆನ್ನು ಕೊಟ್ಟು ಕೂತ. ಅನ್ನಕ್ಕೆ ಸಾರು ಹಾಕಿಸಿಕೊಂಡ, ಎರಡನೇ ಸಲವೂ ಹಾಕಿಸಿಕೊಂಡ. ಸೋಮಲಿಂಗ ತನ್ನ ತಟ್ಟೆಯ ಹಪ್ಪಳವನ್ನು ಅವನ ತಟ್ಟೆಗೆ ಇಟ್ಟ. ಶಂಭು ಅದನ್ನೂ ತಿಂದ.

ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಬಂದರು. ನೀರು ಇಳಿಯತೊಡಗಿತ್ತು. ಬೀರಲಿಂಗ ಬಿಟ್ಟುಹೋದ ಹಾಗೇ ಕೂತಿದ್ದ. ಇಲ್ಲಿವರೆಗೆ ನಗುತ್ತಿದ್ದ ಅಮೀನಪ್ಪನಿಗೂ ಈಗ ನಗು ಸಾಕಾಗಿತ್ತು. "ಹೊತ್ತಾತಲೇ, ಊರು ಮುಟ್ಟಬೇಕು. ಎಬ್ಬಿಸು," ಎಂದ.

ಶಂಭು ಹೋಗಿ ಹೆಗಲು ಮುಟ್ಟಿದ. ಅಂಗಿ ಸುಡುತ್ತಿತ್ತು.

"ಬೀರಲಿಂಗ. ಏಳಪಾ."

ಬೀರಲಿಂಗ ಕಣ್ಣು ಮುಚ್ಚಿ ಕೈ ಮುಗಿದ. ಎದ್ದು ನಿಲ್ಲಲು ಹೋಗಿ ಜೋಲಿ ಹೊಡೆದ, ಕಾಲು ಜೋಮು ಹಿಡಿದಿತ್ತು. ಶಂಭುವಿನ ರಟ್ಟೆ ಹಿಡಿದು ಸಾವರಿಸಿಕೊಂಡ. ಕಿಸೆಯಿಂದ ಚೀಲ ತೆಗೆದ. ಪುಡಿಯೆಲ್ಲ ಕಡಲು ಒಯ್ದಿತ್ತು, ಬಟ್ಟೆಯ ಹೊಲಿಗೆಯ ಮೂಲೆಯಲ್ಲಿ ಒಂದಿಷ್ಟು ಹಳದಿ ರಾಡಿ ಅಂಟಿಕೊಂಡಿತ್ತು. ಅದನ್ನು ಚರ್ಮ ಹೋದ ಬೆರಳಿನಿಂದ ಕೆರೆದು ತೆಗೆದ. ಆಣೆ ಮುಗಿಸಿಕೊಟ್ಟವನಿಗೆ ಭಂಡಾರ ಹಚ್ಚುವುದು ಅವರ ಮನೆಯ ಪದ್ಧತಿ. ಒಂಚೂರೂ ಉಳಿಸದೆ ಶಂಭುವಿನ ಹಣೆಯ ತುಂಬ ಬಳಿದ.

"ನನಗ ಗೊತ್ತಿತ್ತು ನೀ ಬರ್ತೀ ಅಂತ," ಎಂದ. ದನಿ ಒಡೆದಿತ್ತು. "ನೀರಾಗ ಇದ್ದಾಗ ಅವರು ಎಳದ್ರು, ನಾ ಏಳಲಿಲ್ಲ. ಅವರs ಹೊತಗೊಂಡ ಬಂದ್ರು. ಅದು ಎದ್ದಂಗ ಆಗಂಗಿಲ್ಲಲ್ಲ? ಕೂಸಿಗೆ ಏನೂ ಆಗಂಗಿಲ್ಲಲ್ಲ ಶಂಭು?"

ಹಿಂದೆ ಯಾರೂ ನಗಲಿಲ್ಲ. ಶಂಭು ಒಂದು ಸಲ ನಗಲು ನೋಡಿದ, ತುಟಿ ಸರಿಯಾಗಿ ಬರಲಿಲ್ಲ. "ಇಲ್ಲ. ಏನೂ ಆಗಂಗಿಲ್ಲ," ಎಂದ.

ಬೀರಲಿಂಗನ ಮುಖ ಅರಳಿತು. ಅವನ ಕಣ್ಣು ಶಂಭುವಿನ ಬಾಯಿಯ ಮೇಲೆ, ಎಲೆಯಡಿಕೆಯ ಕೆಂಪಿನ ಮೇಲೆ ನಿಂತಿತು. ನಮ್ಮ ಕಡೆ ಗೆಳೆಯರು ಎದುರಾದರೆ ಮೊದಲು ಕೇಳುವ ಮಾತನ್ನೇ ಅವನೂ ಕೇಳಿದ.

"ಊಟ ಆತೇನೋ ಶಂಭು?"

ಶಂಭು ಬಾಯಿಯಲ್ಲಿದ್ದದ್ದನ್ನು ನುಂಗಲೂ ಆರದೆ, ಉಗುಳಲೂ ಆರದೆ ನಿಂತ. ಬೀರಲಿಂಗ ಉತ್ತರಕ್ಕೆ ಕಾಯದೆ ಕುಂಟುತ್ತ ಗಾಡಿ ಹತ್ತಿ, ಹಿಂದಿನ ಸೀಟಿನಲ್ಲಿ ಬುತ್ತಿಗಂಟಿನ ಪಕ್ಕ ಕೂತ. ಗಂಟು ಬಿಚ್ಚಿ ಒಂದು ಕಟಕು ರೊಟ್ಟಿ ತೆಗೆದು, ಮುರಿದು, ಅರ್ಧವನ್ನು ಶಂಭುವಿಗೆ ಅಂತ ತೆಗೆದಿಟ್ಟ. ಸೋಮಲಿಂಗ ಮುಂದಿನ ಬಾಗಿಲು ತೆರೆದು ಹಿಡಿದು, ಹತ್ತು ಶಂಭ್ಯಾ, ಎಂದು ಕರೆದ. ಶಂಭು ಹೋಗಿ ಮುಂದೆಯೇ ಕೂತ.